ಪಾಳಿ ಯಾರದು?

ನಿಮ್ಮ ಪಾಲಿಗೆ ಒಟ್ಟು ಎಷ್ಟು ಕಂಪ್ಯೂಟರ್ ಇವೆ ಅಂತ ಯಾವತ್ತಾದರೂ ಲೆಕ್ಕ ಹಾಕಿದ್ದೀರಾ? ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಒಂದು, ಮನೆಯಲ್ಲಿ ಸ್ವಂತದ್ದೊಂದು, ಜೇಬಿನಲ್ಲಿ ಫೋನು. ಕೈಗೆ ಕಟ್ಟಿದ ಸ್ಮಾರ್ಟ್‌ವಾಚೂ ಒಂದು ಥರದ ಕಂಪ್ಯೂಟರೇ. ಲೆಕ್ಕ ಹಾಕಿಲ್ಲ ಅಂದ್ರೆ ಆಶ್ಚರ್ಯ ಏನಿಲ್ಲ. ಸಾಕಷ್ಟು ಇರೋದನ್ನ ಯಾರೂ ಎಣಿಸೋದಿಲ್ಲ. ನಾನು ಮಾತ್ರ ದಿನಾ ಎಣಿಸ್ತೀನಿ. ಇವತ್ತಿಗೆ ಏಳು.

ಸುರಪುರ ಕಡೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತದ ಮೇಷ್ಟ್ರು. ನಮ್ಮಂಥ ಶಾಲೆಯ ಮಾಮೂಲಿ ಹುದ್ದೆಗಳಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ, ಗಣಿತ, ವಿಜ್ಞಾನ, ಸಮಾಜ, ದೈಹಿಕ ಶಿಕ್ಷಣ ಎಲ್ಲ ಇವೆ. ಕಂಪ್ಯೂಟರ್ ಮೇಷ್ಟ್ರು ಅಂತ ಒಂದು ಹುದ್ದೆ ಇಲ್ಲ. ಹಿಂದೆ ‘ಮಾಹಿತಿ ಸಿಂಧು’ ಕಾಲದಲ್ಲಿ ಕಂಪ್ಯೂಟರ್ ಕಲಿಸೋಕೆ ಗುತ್ತಿಗೆ ಮೇಲೆ ಬಂದವರು ಯೋಜನೆ ಮುಗಿದ ಮೇಲೆ ಹೋದರು. 2016-17ರಲ್ಲಿ ಶುರುವಾದ ‘ಟಾಲ್ಪ್’ ಕಾರ್ಯಕ್ರಮದಲ್ಲಿ ಇರುವ ಶಿಕ್ಷಕರಿಗೇ ತರಬೇತಿ ಕೊಟ್ಟರು. ಹಾಗಾಗಿ ಲ್ಯಾಬಿನ ಬೀಗದಕೈ ಗಣಿತದವರ ಜೇಬಿಗೋ ವಿಜ್ಞಾನದವರ ಜೇಬಿಗೋ ಬಂದು ಬಿತ್ತು. ನಮ್ಮಲ್ಲಿ ನನ್ನ ಜೇಬಿಗೆ.

ನನ್ನ ದಿನ ಶುರುವಾಗೋದು ಎಂಟನೇ ಕ್ಲಾಸಿನ ಬೀಜಗಣಿತದಿಂದ. ಬಿಸಿಯೂಟ ಆದಮೇಲೆ, ವಾರಕ್ಕೊಮ್ಮೆ, ಒಂಬತ್ತನೇ ಕ್ಲಾಸಿನವರಿಗೆ ಕಂಪ್ಯೂಟರ್ ಪಿರಿಯಡ್. ಮಕ್ಕಳು 56, ಓಡುವ ಯಂತ್ರ 7. ಪಿರಿಯಡ್ 40 ನಿಮಿಷ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರೋದು, ಯುಪಿಎಸ್ ಹಚ್ಚೋದು, ಉಬುಂಟು ತೆರೆದುಕೊಳ್ಳುವ ತನಕ ಕಾಯೋದು, ಕೊನೆಗೆ ಎಲ್ಲ ಆಫ್ ಮಾಡೋದು, ಇದಕ್ಕೇ 12 ನಿಮಿಷ ಹೋಗುತ್ತೆ. ಉಳಿಯೋದು 28. ಒಂದು ಯಂತ್ರಕ್ಕೆ ಎಂಟು ಮಕ್ಕಳು, ಅಂದ್ರೆ ತಲೆಗೆ ಮೂರೂವರೆ ನಿಮಿಷ. ಹಬ್ಬ, ಪರೀಕ್ಷೆ, ಕರೆಂಟ್ ಹೋದ ದಿನ ಎಲ್ಲ ಕಳೆದು ವರ್ಷಕ್ಕೆ 30 ಪಿರಿಯಡ್ ಸಿಕ್ಕರೆ ಪುಣ್ಯ. ಒಂದು ಮಗುವಿಗೆ ಇಡೀ ವರ್ಷದಲ್ಲಿ 105 ನಿಮಿಷ. ಒಂದು ಕನ್ನಡ ಸಿನಿಮಾ ಇದಕ್ಕಿಂತ ಉದ್ದ ಇರುತ್ತೆ.

ಇದೇ ಲೆಕ್ಕವನ್ನ ಇನ್ನೊಂದು ಥರಾನೂ ಮಾಡಬಹುದು. ಚುರುಕಾದ ಏಳು ಮಕ್ಕಳನ್ನ ಆರಿಸಿ ಯಂತ್ರಗಳನ್ನ ಅವರಿಗೇ ಬಿಟ್ಟುಕೊಡೋದು. ಆಗ ಒಬ್ಬೊಬ್ಬರಿಗೆ ವರ್ಷಕ್ಕೆ 14 ತಾಸು. ಅಷ್ಟರಲ್ಲಿ ಕನ್ನಡ ಟೈಪಿಂಗ್ ಕೈಗೆ ಹತ್ತುತ್ತೆ, ಸ್ಕ್ರ್ಯಾಚ್‌ನಲ್ಲಿ ಸಣ್ಣದೊಂದು ಆಟ ಕಟ್ಟಬಹುದು, ಲೂಪ್ ಅಂದ್ರೇನು ಅಂತ ತಿಳಿಯುತ್ತೆ. ಒಂದು ಕಡೆ 56 ಜನ, ಯಾರಿಗೂ ಏನೂ ಬರೋದಿಲ್ಲ. ಇನ್ನೊಂದು ಕಡೆ ಏಳೇ ಜನ, ಆದರೆ ಅಷ್ಟು ಜನಕ್ಕಾದರೂ ಏನೋ ಬರುತ್ತೆ. ಯಾವುದು ನ್ಯಾಯ?

ಅಮರ್ತ್ಯ ಸೇನ್ 2009ರಲ್ಲಿ ಬಂದ ‘ದಿ ಐಡಿಯಾ ಆಫ್ ಜಸ್ಟಿಸ್’ ಪುಸ್ತಕದಲ್ಲಿ ಒಂದು ಕೊಳಲು, ಮೂರು ಮಕ್ಕಳ ಉದಾಹರಣೆ ಕೊಡ್ತಾರೆ. ಒಬ್ಬಳಿಗೆ ಕೊಳಲು ನುಡಿಸೋಕೆ ಬರುತ್ತೆ. ಇನ್ನೊಬ್ಬ ಬಡವ, ಅವನ ಹತ್ರ ಆಡೋಕೆ ಬೇರೇನೂ ಇಲ್ಲ. ಮೂರನೆಯವಳು ಆ ಕೊಳಲನ್ನ ತಾನೇ ಕೂತು ಮಾಡಿದವಳು. ಕೊಳಲು ಯಾರಿಗೆ ಸೇರಬೇಕು? ಮೂವರ ವಾದದಲ್ಲೂ ತೂಕ ಇದೆ, ಎಲ್ಲರೂ ಒಪ್ಪುವ ಒಂದೇ ಉತ್ತರ ಸಿಗದೇ ಹೋಗಬಹುದು ಅನ್ನೋದು ಅವರ ಮಾತು. ಇದನ್ನ ಓದಿದಾಗ ನನಗೆ ತತ್ವಶಾಸ್ತ್ರ ಓದಿದ ಹಾಗೆ ಅನಿಸಲಿಲ್ಲ, ಬುಧವಾರದ ಆರನೇ ಪಿರಿಯಡ್ ನೆನಪಾಯ್ತು.

ಮೊದಲು ನುಡಿಸೋಕೆ ಬರುವವರ ವಿಷಯ. ಜೂನ್ ತಿಂಗಳಲ್ಲಿ ಲ್ಯಾಬ್ ತೆಗೆದಾಗ ಕ್ಲಾಸಿನಲ್ಲಿ ಯಾರು ಚುರುಕು ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತೆ ಅಂತ ನಮಗೆ ಅನಿಸುತ್ತೆ. ಒಬ್ಬ ಹುಡುಗ ಮೌಸನ್ನ ಸಲೀಸಾಗಿ ಓಡಿಸ್ತಾನೆ. ವಿಚಾರಿಸಿದ್ರೆ ಅವನ ಸೋದರಮಾವಂದು ಶಹಾಪುರದಲ್ಲಿ ಆನ್‌ಲೈನ್ ಸೆಂಟರ್. ಬೇಸಿಗೆ ರಜೆಯೆಲ್ಲ ಅಲ್ಲೇ ಕಳೆದಿದ್ದಾನೆ. ಇನ್ನೊಬ್ಬನ ಅಣ್ಣ ಯಾದಗಿರಿಯಲ್ಲಿ ಕಾಲೇಜಿಗೆ ಹೋಗ್ತಾನೆ, ಮನೆಯಲ್ಲಿ ಲ್ಯಾಪ್‌ಟಾಪ್ ಇದೆ. ನಾವು ಪ್ರತಿಭೆ ಅಂತ ಕರೆಯೋದರಲ್ಲಿ ಎಷ್ಟು ಪ್ರತಿಭೆ, ಎಷ್ಟು ಮೊದಲೇ ಸಿಕ್ಕ ಪಾಳಿ?

ಪಾಳಿ ಅಂದ್ರೆ ಸರದಿ. ನಮ್ಮ ಕಡೆ ನಳದ ಮುಂದೆ ಕೊಡ ಇಟ್ಟವರಿಗೂ ಪಾಳಿ, ಕಾಲುವೆ ನೀರಿಗೂ ಪಾಳಿ. ನಾರಾಯಣಪುರ ಡ್ಯಾಮಿನ ಕಾಲುವೆ ನೀರು ಈ ಭಾಗದ ಬದುಕನ್ನೇ ಬದಲಿಸಿತು. ಅದರ ಜೊತೆಗೇ ಬಂದ ಜಗಳ ಇಲ್ಲಿ ಎಲ್ಲರಿಗೂ ಗೊತ್ತು: ಮೇಲ್ಭಾಗದ ಹೊಲದವರು ಭತ್ತ ಹಚ್ಚಿದ್ರೆ ಕೊನೆ ಭಾಗದ ಹೊಲಕ್ಕೆ ನೀರು ಮುಟ್ಟೋದಿಲ್ಲ. ಹಚ್ಚಗಿರುವ ಹೊಲ ನೋಡಿ ಆ ರೈತನೇ ಜಾಣ ಅಂದ್ರೆ ಕೊನೆ ಭಾಗದವರು ನಗ್ತಾರೆ. ಲ್ಯಾಬಿನಲ್ಲೂ ಕಾಲುವೆಯ ಮೇಲ್ಭಾಗ ಅಂತ ಒಂದಿದೆ. ಜೂನ್‌ನಲ್ಲೇ ಏಳು ಮಕ್ಕಳನ್ನ ಆರಿಸಿದ್ರೆ ನಾನು ಆರಿಸೋದು ಮೇಲ್ಭಾಗದವರನ್ನೇ.

ಇದಕ್ಕೆ ನನ್ನ ಹತ್ರ ಒಂದು ಸಾಕ್ಷಿ ಇದೆ. ಕಳೆದ ವರ್ಷ ಕ್ಲಾಸಿನಲ್ಲಿ ನಿಜಕ್ಕೂ ಬುದ್ಧಿ ಓಡಿಸುವ ಹುಡುಗಿ ಯಾರು ಅಂತ ಗೊತ್ತಾಗಿದ್ದು ಅಕ್ಟೋಬರ್‌ನಲ್ಲಿ. ಜೂನ್‌ನಲ್ಲಿ ಅವಳು ಕೀಬೋರ್ಡ್ ಮುಟ್ಟೋಕೂ ಹೆದರ್ತಿದ್ದಳು. ಎಲ್ಲರಿಗೂ ಪಾಳಿ ಕೊಟ್ಟದ್ದಕ್ಕೆ ಅವಳು ಕಣ್ಣಿಗೆ ಬಿದ್ದಳು. ಆರಿಸಿ ಕೊಡೋದು ಜಾಣತನ ಅನ್ನುವವರು ಇದನ್ನ ಗಮನಿಸಬೇಕು. ಎಲ್ಲರ ಕೈಗೂ ಕೊಡದೆ ಯಾರನ್ನ ಆರಿಸಬೇಕು ಅಂತಲೇ ತಿಳಿಯೋದಿಲ್ಲ.

ಹಾಗಂತ ಮೂರೂವರೆ ನಿಮಿಷದ ಸಮಾನತೆಯೂ ಸಮಾನತೆ ಅಲ್ಲ. ಬಿಸಿಯೂಟವನ್ನೇ ನೋಡಿ. 2002ರಲ್ಲಿ ‘ಅಕ್ಷರ ದಾಸೋಹ’ ಮೊದಲು ಶುರುವಾಗಿದ್ದು ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ. ಆಗ ನಮ್ಮ ತಾಲೂಕು ಗುಲಬರ್ಗಾ ಜಿಲ್ಲೆಯಲ್ಲಿತ್ತು, ಯಾದಗಿರಿ ಜಿಲ್ಲೆ ಆಗಿದ್ದು 2009ರ ಡಿಸೆಂಬರ್ 30ಕ್ಕೆ. ಊಟದ ಸಾಲಿನಲ್ಲಿ ಯಾರೂ ಮಗುವಿಗೆ ಇಂತಿಷ್ಟೇ ಅಗುಳು ಅಂತ ಎಣಿಸಿ ಬಡಿಸೋದಿಲ್ಲ. ಹೊಟ್ಟೆ ತುಂಬಿತಾ ಅಂತ ನೋಡ್ತಾರೆ. ಎಲ್ಲರಿಗೂ ಒಂದೊಂದು ತುತ್ತು ಹಾಕಿ ‘ಸಮಾನವಾಗಿ ಹಂಚಿದೆವು’ ಅಂದ್ರೆ ಅದನ್ನ ದಾಸೋಹ ಅನ್ನೋದಿಲ್ಲ. ಕಲಿಕೆಗೂ ಒಂದು ಹೊಟ್ಟೆ ಇದೆ. ಅಷ್ಟು ಹೊತ್ತು ಒಂದೇ ಸಮ ಕೈಯಾಡಿಸದಿದ್ರೆ ಏನೂ ಒಳಗೆ ಇಳಿಯೋದಿಲ್ಲ.

ಬೇರೆಯವರು ಮಾಡೋದನ್ನ ನೋಡಿ ಉಳಿದವರು ಕಲೀತಾರೆ ಅಂತ ಕೆಲವರು ಹೇಳ್ತಾರೆ. ಸುಗತ ಮಿತ್ರ 1999ರಲ್ಲಿ ದೆಹಲಿಯ ಕಾಲ್ಕಾಜಿಯಲ್ಲಿ ಗೋಡೆಯೊಳಗೆ ಕಂಪ್ಯೂಟರ್ ಇಟ್ಟಾಗ ಸುತ್ತಲಿನ ಮಕ್ಕಳು ಗುಂಪುಗೂಡಿ ತಾವೇ ಕಲಿತರು ಅನ್ನೋದು ದೊಡ್ಡ ಸುದ್ದಿ ಆಗಿತ್ತು. ನನ್ನ ಲ್ಯಾಬಿನಲ್ಲಿ ಮಕ್ಕಳನ್ನ ಅವರಷ್ಟಕ್ಕೆ ಬಿಟ್ರೆ ಎರಡು ನಿಮಿಷದಲ್ಲಿ ಮೌಸ್ ಗಟ್ಟಿ ಹುಡುಗರ ಕೈಲಿರುತ್ತೆ, ಹುಡುಗಿಯರು ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿರ್ತಾರೆ. ಹುಣಸಗಿ ಹತ್ತಿರ ಇಸಾಂಪುರದಲ್ಲಿ ಪುರಾತತ್ವದವರು ಸುಮಾರು 12 ಲಕ್ಷ ವರ್ಷ ಹಳೆಯದು ಅನ್ನುವ ಕಲ್ಲಿನ ಆಯುಧಗಳ ನೆಲೆ ಅಗೆದಿದ್ದಾರೆ. ಆ ಕಾಲದಲ್ಲೂ ಕಲ್ಲು ಒಡೆಯೋದನ್ನ ಬರೀ ನೋಡಿ ಕಲಿತವರು ಇರಲಿಕ್ಕಿಲ್ಲ. ಕಲ್ಲು ತಮ್ಮ ಕೈಗೆ ಬರಬೇಕಿತ್ತು.

ಕೊನೆಗೆ ನಾನು ಮಾಡಿಕೊಂಡ ವ್ಯವಸ್ಥೆ ಇದು. ಒಂದು ವಾರಕ್ಕೆ 14 ಮಕ್ಕಳು ಮಾತ್ರ ಯಂತ್ರದ ಮುಂದೆ, ಜೋಡಿ ಜೋಡಿಯಾಗಿ, ಪೂರ್ತಿ 28 ನಿಮಿಷ. ನಾಲ್ಕು ವಾರಕ್ಕೊಮ್ಮೆ ಪಾಳಿ, ವರ್ಷಕ್ಕೆ ಏಳೋ ಎಂಟೋ ಸಲ. ಉಳಿದ 42 ಮಕ್ಕಳು ಹೊರಗೆ ಪಡಸಾಲೆಯಲ್ಲಿ ಕಂಪ್ಯೂಟರ್ ಇಲ್ಲದ ಕಂಪ್ಯೂಟರ್ ವಿಜ್ಞಾನ ಮಾಡ್ತಾರೆ. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಸಂಗಡಿಗರು ‘ಸಿಎಸ್ ಅನ್‌ಪ್ಲಗ್ಡ್’ ಅಂತ ಇಂಥ ಚಟುವಟಿಕೆಗಳನ್ನ ಬೆಳೆಸಿದ್ದಾರೆ. ಅದನ್ನ ನಮ್ಮ ಊರಿಗೆ ಹೊಂದಿಸಿಕೊಂಡಿದ್ದೀನಿ. ಸಾಲಾಗಿ ನಿಂತ ಹತ್ತು ಮಕ್ಕಳು ಪಕ್ಕದವರ ಜೊತೆ ಮಾತ್ರ ಎತ್ತರ ಹೋಲಿಸಿ ಜಾಗ ಬದಲಿಸ್ತಾ ಹೋದ್ರೆ ಅದೇ ಬಬಲ್ ಸಾರ್ಟ್. ಜೋಳದ ರೊಟ್ಟಿ ಬಡಿಯೋದನ್ನ ಒಂದು ಹೆಜ್ಜೆಯೂ ಬಿಡದೆ ಬರೆದ್ರೆ ಅದು ಅಲ್ಗಾರಿದಮ್.

ಜೋಡಿಗೆ ಒಂದೇ ನಿಯಮ: ಬಲ್ಲವರ ಕೈ ಬೆನ್ನ ಹಿಂದೆ, ಮೌಸ್ ಬಾರದವರ ಕೈಗೆ. ಬಲ್ಲವರು ಬಾಯಲ್ಲಿ ಹೇಳಬೇಕು. ಲೆಕ್ಕ ಮಾಡಿದ್ರೆ ಯಂತ್ರದ ಒಟ್ಟು ನಿಮಿಷ ಒಂದೂ ಹೆಚ್ಚಾಗಿಲ್ಲ. ಮೂರೂವರೆ ನಿಮಿಷದ ಚೂರುಗಳು ಹೋಗಿ ಕಲಿಯುವಷ್ಟು ದೊಡ್ಡ ತುಂಡು ಸಿಕ್ಕಿದೆ, ಅಷ್ಟೇ.

ಇದರಲ್ಲೂ ಸೋಲುವವರು ಇದ್ದಾರೆ. ಲ್ಯಾಬಿನಲ್ಲಿ ಒಂದು ಪಾಳಿ ವಹಿ ಇಟ್ಟಿದ್ದೀನಿ. ಹೆಸರು, ಕೂತ ದಿನ, ಬಾಕಿ. ಒಬ್ಬ ಹುಡುಗ ದೀಪಾವಳಿ ಆದಮೇಲೆ ಅಪ್ಪ ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋದವನು ಸಂಕ್ರಾಂತಿ ಕಳೆದು ಬಂದ. ಅವನ ಎರಡು ಪಾಳಿ ಬಾಕಿ ಅಂತ ವಹಿಯಲ್ಲಿತ್ತು, ಮೊದಲು ಅವನನ್ನೇ ಕೂರಿಸಿದೆ. ಅಕ್ಟೋಬರ್‌ನ ಆ ಹುಡುಗಿ ಎದ್ದು ನಿಂತಳು.

“ಸರ, ಅಂವ ಊರಾಗೇ ಇರಲಿಲ್ರಿ. ಅಂವಂದು ಪಾಳಿ ಹೆಂಗ ಬಾಕಿ ಆಗ್ತದ್ರಿ?”

“ಅಂವ ಸಾಲಿ ಬ್ಯಾಡಂತ ಹೋಗಿಲ್ಲವ್ವ. ಹೊಟ್ಟಿಪಾಡಿಗೆ ಹೋಗಿದ್ದ.”

“ಅದು ಖರೇರಿ ಸರ. ಆದ್ರ ಅದ್ರಾಗ ನಂದೇನು ತಪ್ಪದ?”

ತಪ್ಪೇನೂ ಇಲ್ಲ. ಅವಳ ಪ್ರಶ್ನೆಗೆ ಇವತ್ತಿಗೂ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಹತ್ತನೇ ಕ್ಲಾಸ್ ಮುಗಿದ ಮೇಲೆ ಅವಳ ಮನೆಯಲ್ಲಿ ಮದುವೆ ಮಾತು ಬರಬಹುದು. ಕಂಪ್ಯೂಟರ್ ಡಿಪ್ಲೊಮಾ ಸೀಟು ಸಿಕ್ಕಿದ್ರೆ ಆ ಮಾತನ್ನ ಮೂರು ವರ್ಷ ಮುಂದೂಡೋಕೆ ಒಂದು ಕಾರಣ ಸಿಗುತ್ತೆ. ಶಾಲೆ ಬಿಟ್ಟ ಮೇಲೆ ಅವಳಿಗೆ ಹೆಚ್ಚು ಹೊತ್ತು ಕೊಡಿ ಅಂತೀರಾ? ಅವಳು ಪಕ್ಕದ ಊರಿನವಳು. ಶಕ್ತಿ ಯೋಜನೆ ಬಂದಮೇಲೆ ಟಿಕೆಟ್ಟಿನ ಚಿಂತೆ ಇಲ್ಲ, ಆದರೆ ಸಂಜೆ ಬಸ್ಸು ತಪ್ಪಿದ್ರೆ ಮತ್ತೆ ಬಸ್ಸಿಲ್ಲ. ಸಂಜೆಯ ಹೆಚ್ಚುವರಿ ಹೊತ್ತು ಮತ್ತೆ ಇದೇ ಊರಿನ ಹುಡುಗರಿಗೇ ಸಿಗುತ್ತೆ.

ಆದರೂ ಆ ಹುಡುಗನ ಬಾಕಿಯನ್ನ ನಾನು ಅಳಿಸಲಾರೆ. ಸೇನ್ ಅವರ ಮೂರನೇ ಮಗು, ಕೊಳಲು ಮಾಡಿದವಳು, ನನಗೆ ಇಲ್ಲಿ ನೆನಪಾಗ್ತಾಳೆ. ನೀವು ಕೂತು ಕೆಲಸ ಮಾಡುವ ಗಾಜಿನ ಕಟ್ಟಡಗಳಿಗೆ ಸಿಮೆಂಟ್ ಹೊತ್ತವರಲ್ಲಿ ನಮ್ಮ ಜಿಲ್ಲೆಯವರೂ ಇದ್ದಾರೆ. ತಗಡಿನ ಶೆಡ್ಡಿನಲ್ಲಿ ತಂಗಿಯನ್ನ ಎತ್ತಿಕೊಂಡು ಕೂತ ಮಗು ತನ್ನ ಪಾಳಿಯನ್ನ ಕಳಕೊಂಡಿತು ಅನ್ನೋದು ಸರಿಯಾದ ಮಾತಲ್ಲ. ಅದರ ಪಾಳಿಯನ್ನ ನಾವೆಲ್ಲ ಸೇರಿ ಖರ್ಚು ಮಾಡಿದ್ದೀವಿ.

ನನ್ನ ವಿರುದ್ಧ ಇನ್ನೂ ಎರಡು ವಾದ ಇವೆ, ಎರಡೂ ಹಗುರದ್ದಲ್ಲ. ಮೊದಲನೆಯದು ನಮ್ಮ ಮುಖ್ಯಗುರುಗಳದ್ದು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇ 94 ತೆಗೆದಾಗ ಯಾದಗಿರಿ ಶೇ 50.59, ರಾಜ್ಯಕ್ಕೇ ಕೊನೆ. ಕಂಪ್ಯೂಟರ್ ಆ ಪರೀಕ್ಷೆಯಲ್ಲಿ ಇಲ್ಲ. “ಆ ಪಿರಿಯಡ್ಡಿನಾಗ ಗಣಿತ ತಗೋರಿ, ನಾಲ್ಕು ಹುಡುಗ್ರು ಪಾಸಾಗ್ತಾರ” ಅಂತಾರೆ. ಹತ್ತನೇ ಕ್ಲಾಸಿನ ಪಿರಿಯಡ್ ಬಿಟ್ಟುಕೊಟ್ಟಿದ್ದೀನಿ, ಪಾಸಾಗೋದು ಮೊದಲು. ಎಂಟು, ಒಂಬತ್ತನೆಯದನ್ನ ಬಿಟ್ಟಿಲ್ಲ. ಪರೀಕ್ಷೆಯಲ್ಲಿ ಕೇಳದ್ದನ್ನ ಕಲಿಸಬಾರದು ಅಂತ ಹಿಂದುಳಿದ ಜಿಲ್ಲೆಯ ಮಕ್ಕಳಿಗೆ ಮಾತ್ರ ಯಾಕೆ ಹೇಳಬೇಕು?

ಎರಡನೆಯದು ಬೆಂಗಳೂರಿನಲ್ಲಿರುವ ಗೆಳೆಯನದ್ದು. “ಇಷ್ಟು ನೀಟಾಗಿ ಹಂಚಿ ನೀನು ಕೊರತೆಯನ್ನೇ ಮುಚ್ಚಿಡ್ತಿದ್ದೀಯ. ಎಲ್ಲ ಸುಸೂತ್ರ ನಡೀತಿದೆ ಅಂತ ಕಂಡ್ರೆ ಹೊಸ ಯಂತ್ರ ಯಾರು ಕೊಡ್ತಾರೆ?” ಅಂತಾನೆ. ಈ ಮಾತು ನನ್ನನ್ನ ಬಹಳ ದಿನ ಕಾಡಿತು. ನ್ಯಾಯವಾಗಿ ಹಂಚುವವನು ಅನ್ಯಾಯಕ್ಕೆ ಬಣ್ಣ ಹಚ್ಚುವವನೂ ಆಗಬಹುದು. ಅದಕ್ಕೇ ವಹಿಯನ್ನ ಲ್ಯಾಬಿನೊಳಗೇ ಇಟ್ಟುಕೊಳ್ಳೋದನ್ನ ಬಿಟ್ಟೆ. ಎಸ್‌ಡಿಎಂಸಿ ಮೀಟಿಂಗಿನಲ್ಲಿ ತೆರೆದಿಟ್ಟು, ನಿಮ್ಮ ಮಗಳಿಗೆ ವರ್ಷಕ್ಕೆ ಇಷ್ಟೇ ನಿಮಿಷ ಅಂತ ಓದಿ ಹೇಳಿದೆ. ನಿಮಿಷದ ಲೆಕ್ಕ ಅಪ್ಪಂದಿರಿಗೆ ಬೇಗ ಅರ್ಥವಾಯ್ತು, ನಳದ ನೀರಿನ ಲೆಕ್ಕ ಗೊತ್ತಿದ್ದವರು ಅವರು. ಕೆಟ್ಟು ಕೂತಿದ್ದ ಎರಡು ಯಂತ್ರ ರಿಪೇರಿ ಆಗಿ ಐದಿದ್ದದ್ದು ಏಳಾಗಿದ್ದು ಆಮೇಲೆ. ಬಾಕಿಯನ್ನ ಬರೆದಿಟ್ರೆ ಕೇಳೋಕೆ ಬಾಯಿ ಬರುತ್ತೆ.

ನೀವು ಇದನ್ನ ಹಳ್ಳಿ ಶಾಲೆಯ ಕಷ್ಟ ಅಂತ ಓದಿ ಮುಗಿಸಬೇಡಿ. ಡೆಡ್‌ಲೈನ್ ಹತ್ರ ಬಂದಾಗ ನಿಮ್ಮ ಟೀಮಿನಲ್ಲೂ ಕೆಲಸ ಯಾರ ಕೈಗೆ ಹೋಗುತ್ತೆ ಗೊತ್ತಲ್ಲ, ಆಗಲೇ ಬಲ್ಲವರ ಕೈಗೆ. ಅವರು ಇನ್ನಷ್ಟು ಬಲ್ಲವರಾಗ್ತಾರೆ, ಉಳಿದವರು ನೋಡ್ತಾ ಕೂರ್ತಾರೆ. ವರ್ಷದ ಕೊನೆಗೆ ಆ ವ್ಯತ್ಯಾಸಕ್ಕೆ ಪ್ರತಿಭೆ ಅಂತ ಹೆಸರಿಟ್ಟು ರೇಟಿಂಗ್ ಕೊಡ್ತೀವಿ. ಗಡುವು ಸುಳ್ಳಲ್ಲ, ಒಪ್ತೀನಿ. ಆದರೆ ಪ್ರತಿ ಸಲವೂ ಅವಸರವೇ ಪಾಳಿ ನಿರ್ಧರಿಸಿದ್ರೆ ಕಾಲುವೆಯ ಕೊನೆ ಭಾಗಕ್ಕೆ ನೀರು ಯಾವತ್ತೂ ಮುಟ್ಟೋದಿಲ್ಲ.

ಯಾದಗಿರಿ ಕಡೆಯ ಹುಡುಗನೋ ಹುಡುಗಿಯೋ ಒಂದು ದಿನ ನಿಮ್ಮ ಪಕ್ಕದ ಸೀಟಿಗೆ ಬರಬಹುದು. ಕೀಬೋರ್ಡ್ ಮೇಲೆ ಅವರ ಕೈ ಸ್ವಲ್ಪ ನಿಧಾನ ಅನಿಸಿದ್ರೆ, ಬೆರಳು ಎಣಿಸೋಕೆ ಮುಂಚೆ ನಿಮ್ಮ ಕೈ ಒಂದು ಗಳಿಗೆ ಬೆನ್ನ ಹಿಂದೆ ಇರಲಿ. ಅವರ ಪಾಳಿ ಇನ್ನೂ ಬಾಕಿ ಇರುತ್ತೆ.