ಹಿಂದಿನ ಬಿಳಿ ದೀಪ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಕಾರಿಗೆಂದೇ ಬೇರೆ ಜಾಗ ಇರುವುದು ಅಪರೂಪ. ಕಾಯಿ ರಾಶಿ ಬಿದ್ದಿರುವ ಅಂಗಳದಲ್ಲೇ, ಸುಲಿದ ಮಟ್ಟೆಯ ಗುಡ್ಡೆಯ ಪಕ್ಕದಲ್ಲೇ ಅದೂ ನಿಲ್ಲುತ್ತದೆ. ತಿರುಗಿಸಿಕೊಳ್ಳಲು ಎಡೆಯಿಲ್ಲ, ಹೊರಡುವಾಗ ಹಿಂದಕ್ಕೇ ತೆಗೆಯಬೇಕು. ಕಾಯಿ ಆರಿಸುತ್ತ ಕೂತ ಅಜ್ಜಿ, ಕಟ್ಟಿದ ಕರು, ಆಡುವ ಮಕ್ಕಳು, ಎಲ್ಲರಿಗೂ ಅದೇ ಅಂಗಳ. ಹಗಲಾದರೆ ಯಾರಾದರೂ ಬದಿಯಲ್ಲಿ ನಿಂತು ‘ಬರ್ಲಿ, ಬರ್ಲಿ’ ಎನ್ನುತ್ತಾರೆ. ನಸುಕಿನಲ್ಲಿ ಕೊಬ್ಬರಿ ಹೇರಿಕೊಂಡು ಮಾರುಕಟ್ಟೆಗೆ ಹೊರಟಾಗ ಎಚ್ಚರಿಸುವ ಕೆಲಸ ರಿವರ್ಸ್ ಲೈಟಿನದು. 2019ರ ಜುಲೈ 1ರಿಂದ ತಯಾರಾಗುವ ಕಾರುಗಳಿಗೆ ಹಿಂದೇನೋ ಅಡ್ಡವಿದೆ ಎಂದು ಸದ್ದು ಮಾಡುವ ಸೆನ್ಸರ್ ಕಡ್ಡಾಯವಾಗಿದೆ. ಈ ಕಡೆಯ ಕೆಎ 44ರ ಫಲಕ ಹೊತ್ತು ಇನ್ನೂ ಓಡುತ್ತಿರುವ ಹಳೆಯ ಮಾರುತಿ 800, ಓಮ್ನಿಗಳಿಗೆ ಆ ಭಾಗ್ಯವಿಲ್ಲ.

ಈ ದೀಪ ಉರಿಯದಿದ್ದರೆ ಕಾರಣ ಹುಡುಕುವುದು ಕಷ್ಟವಲ್ಲ. ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿ ರಿವರ್ಸ್ ಗೇರಿಗೆ ಹಾಕಿ ನೋಡಿ. ಎರಡು ದೀಪಗಳಲ್ಲಿ ಒಂದು ಮಾತ್ರ ಆರಿದ್ದರೆ ದೋಷ ಅಲ್ಲೇ ಇದೆ: ಬಲ್ಬು, ತುಕ್ಕು ಹಿಡಿದ ಹೋಲ್ಡರ್, ಇಲ್ಲವೇ ಸಡಿಲವಾದ ಅರ್ಥ್ ವೈರು. ಬಲ್ಬನ್ನು ಬಿಚ್ಚಿ ಕಿವಿಯ ಬಳಿ ಅಲುಗಿಸಿ; ಕಾಯೊಳಗೆ ಕೊಬ್ಬರಿ ಬಿಟ್ಟಿದೆಯೇ ಎಂದು ಅಲುಗಿಸಿ ನೋಡುವವರಿಗೆ ಇದನ್ನು ಕಲಿಸಬೇಕಿಲ್ಲ. ತಂತಿ ತುಂಡಾಗಿದ್ದರೆ ಎಷ್ಟೋ ಸಲ ಸಣ್ಣಗೆ ಗಿಲಕಿಸುತ್ತದೆ. ಎರಡೂ ಆರಿದ್ದರೆ ಮೊದಲು ಫ್ಯೂಸ್ ನೋಡಿ. ಎರಡು ಬಲ್ಬು ಒಂದೇ ದಿನ ಸುಡುವುದು ಅಪರೂಪ. ಒಂದು ಹೋಗಿ ವರ್ಷವಾಗಿ, ಇನ್ನೊಂದು ನಿನ್ನೆ ಹೋಗಿರಬಹುದು, ನಾವು ನೋಡಿದ್ದರೆ ತಾನೆ! ಹೊಸ ಫ್ಯೂಸೂ ಹೋಗುತ್ತಿದ್ದರೆ ಎಲ್ಲೋ ವೈರು ಕಾರಿನ ಲೋಹದ ಮೈಗೆ ತಾಗುತ್ತಿದೆ ಎಂದು ಅರ್ಥ. ಫ್ಯೂಸಿನ ಜಾಗದಲ್ಲಿ ತಂತಿ ಸುತ್ತಿ ಜಾಣತನ ತೋರಿಸುವುದು ಬೆಂಕಿಗೆ ಆಹ್ವಾನ. ಫ್ಯೂಸು, ಬಲ್ಬು ಎರಡೂ ನೆಟ್ಟಗಿದ್ದರೆ ಗೇರ್‌ಬಾಕ್ಸಿನ ಮೇಲಿರುವ ಪುಟ್ಟ ಸ್ವಿಚ್ಚಿನ ಕಡೆಗೆ ಹೋಗಬೇಕು. ಗೇರ್ ರಿವರ್ಸಿಗೆ ಬಿದ್ದಾಗ ಒಳಗಿನ ದಂಡ ಅದರ ಮೊಳೆಯನ್ನು ಒತ್ತುತ್ತದೆ, ಕರೆಂಟು ಹರಿಯುತ್ತದೆ. ಎಲೆಕ್ಟ್ರಿಷಿಯನ್ ಆ ಸ್ವಿಚ್ಚಿನ ಕನೆಕ್ಟರ್ ಬಿಡಿಸಿ ಎರಡು ತುದಿಗಳನ್ನು ವೈರಿನಿಂದ ಕೂಡಿಸುತ್ತಾನೆ. ದೀಪ ಹೊತ್ತಿದರೆ ಸ್ವಿಚ್ಚು ಕೆಟ್ಟಿದೆ. ಹೊತ್ತದಿದ್ದರೆ ನಡುವೆ ಎಲ್ಲೋ ವೈರು ತುಂಡಾಗಿದೆ. ಮಟ್ಟೆ ಗುಡ್ಡೆಯ ಪಕ್ಕ ನಿಲ್ಲುವ ಕಾರಾದರೆ ಅನುಮಾನ ಮೊದಲು ಹೋಗಬೇಕಾದದ್ದು ಇಲಿಯ ಮೇಲೆ.

ಹೆಡ್‌ಲೈಟು ಹೋದರೆ ಅದೇ ಸಂಜೆ ರಿಪೇರಿಯಾಗುತ್ತದೆ, ನಮಗೇ ದಾರಿ ಕಾಣುವುದಿಲ್ಲವಲ್ಲ. ರಿವರ್ಸ್ ಲೈಟು ಮಾತ್ರ ತಿಂಗಳುಗಟ್ಟಲೆ ಆರಿಯೇ ಇರುತ್ತದೆ. ಅದರ ಕೊರತೆ ತಟ್ಟುವುದು ಹಿಂದಿರುವವರಿಗೆ, ಕಣ್ಣಿಗೆ ಬೀಳುವುದೂ ಅವರಿಗೇ. ಹಾಗಾಗಿ ಹೇಳಬೇಕಾದವರೂ ಅವರೇ. ಬೈಕಿನ ಸ್ಟ್ಯಾಂಡು ಮಡಿಸದೆ ಹೊರಟವನಿಗೆ ನಮ್ಮ ರಸ್ತೆಗಳಲ್ಲಿ ಗುರುತು ಪರಿಚಯವಿಲ್ಲದವರೂ ‘ಸ್ಟ್ಯಾಂಡು, ಸ್ಟ್ಯಾಂಡು’ ಎಂದು ಕೂಗುತ್ತಾರೆ. ಅವನು ತಲೆಯಾಡಿಸಿ, ಕಾಲಿನಿಂದ ಮಡಿಸಿ ಮುಂದೆ ಹೋಗುತ್ತಾನೆ. ಯಾರಿಗೂ ಅವಮಾನವಿಲ್ಲ. ಇಷ್ಟು ಸಲೀಸಾದ ಪರೋಪಕಾರ ಬೇರೆಲ್ಲಿ ನಡೆಯುತ್ತದೋ ನಾನರಿಯೆ. ಕಾರಿನ ವಿಷಯಕ್ಕೆ ಬಂದರೆ ಅದೇ ಬಾಯಿ ಕಟ್ಟುತ್ತದೆ. ಕಾರಿನವರಿಗೆ ನಾವೇನು ಹೇಳುವುದು ಎಂಬ ಸಂಕೋಚ. ಧೈರ್ಯ ಮಾಡಿ ಹೇಳಿದವರಿಗೂ ಕೆಲವೊಮ್ಮೆ ‘ಗೊತ್ತು ಬಿಡಿ’ ಎಂಬ ಉತ್ತರ ಸಿಗುತ್ತದೆ. ಅಲ್ಲಿಗೆ ಅವರು ಇನ್ನೊಬ್ಬರಿಗೂ ಹೇಳುವುದಿಲ್ಲ.

ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನವೀಕರಣಕ್ಕೆಂದು ನಡೆಯುವ ತಪಾಸಣೆಯ ದಿನ ಎಲ್ಲ ದೀಪಗಳೂ ಉರಿಯುತ್ತವೆ. ಅಷ್ಟು ದಿನ ಕಾಯುವುದು ಬೇಡ. ಇವತ್ತು ಕತ್ತಲಾದ ಮೇಲೆ ಕಾರಿನ ಬೆನ್ನನ್ನು ಗೋಡೆಯ ಕಡೆ ಮಾಡಿ ನಿಲ್ಲಿಸಿ, ರಿವರ್ಸಿಗೆ ಹಾಕಿ ಕನ್ನಡಿಯಲ್ಲಿ ನೋಡಿ. ಗೋಡೆಯ ಮೇಲೆ ಬಿಳಿ ಬೆಳಕು ಬೀಳಬೇಕು. ಪರೀಕ್ಷೆಗೆಂದು ಮಕ್ಕಳನ್ನು ಕಾರಿನ ಹಿಂದೆ ನಿಲ್ಲಿಸಬೇಡಿ. ಪಕ್ಕದ ಮನೆಯವರ ದೀಪ ಆರಿರುವುದು ಕಂಡರೆ ನಾಳೆ ಬೆಳಿಗ್ಗೆ ಹಾಲು ತರಲು ಹೋಗುವಾಗ ಅವರಿಗೂ ಒಂದು ಮಾತು ಹೇಳಿ.