ನೋವಿಲ್ಲದ ಜಾಗ

ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ನನ್ನ ಚಾಚಾ ಒಬ್ಬರಿದ್ದಾರೆ. ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ದಿನಕ್ಕೆರಡು ಬಾರಿ ಇನ್ಸುಲಿನ್ ಅನ್ನು ತಾವೇ ಚುಚ್ಚಿಕೊಳ್ಳುತ್ತಾರೆ. ಕಳೆದ ಮಳೆಗಾಲದಲ್ಲಿ ಅವರ ಸಕ್ಕರೆ ಒಂದು ದಿನ ಮುನ್ನೂರು ದಾಟಿದರೆ, ಇನ್ನೊಂದು ದಿನ ಅರವತ್ತಕ್ಕಿಳಿದು ಮೈ ಬೆವರಿ ನಡುಗುತ್ತಿತ್ತು. ಊಟದಲ್ಲೂ ಔಷಧಿಯಲ್ಲೂ ವ್ಯತ್ಯಾಸವಿರಲಿಲ್ಲ. ಕೊನೆಗೆ ದಾದಿಯೊಬ್ಬರು ಹೊಟ್ಟೆಯನ್ನು ಮುಟ್ಟಿ ನೋಡಿದರು. ಹೊಕ್ಕುಳಿನ ಬಲಕ್ಕೆ ನಿಂಬೆಹಣ್ಣಿನಷ್ಟು ದೊಡ್ಡ ಗಂಟು!

"ಯಾವಾಗಲೂ ಇಲ್ಲೇ ಚುಚ್ಕೋತೀರಾ ಸಾಹೇಬ್ರೇ?"

"ಹೂಂ ಕಣಮ್ಮಾ, ಅಲ್ಲಿ ನೋವೇ ಆಗಲ್ಲ."

ಈ ಉತ್ತರ ನನ್ನನ್ನು ಬಹಳ ದಿನ ಯೋಚನೆಗೆ ಹಚ್ಚಿತು.

ಇನ್ಸುಲಿನ್ ಒಂದೇ ಕಡೆ ಮತ್ತೆ ಮತ್ತೆ ಬಿದ್ದಾಗ ಚರ್ಮದಡಿಯ ಕೊಬ್ಬು ಉಬ್ಬಿ ಗಡುಸಾಗುತ್ತದೆ. ಅಲ್ಲಿ ನೋವಿನ ಅರಿವು ಮಂದವಾಗುತ್ತದೆ. ಆದುದರಿಂದ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಆದರೆ ಗಂಟಿನಿಂದ ಔಷಧಿ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಒಂದು ದಿನ ತಡವಾಗಿ, ಇನ್ನೊಂದು ದಿನ ಅನಿರೀಕ್ಷಿತವಾಗಿ ಸೇರುತ್ತದೆ. ನಮ್ಮ ಭಾಗದ ರೈತನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅರಿಶಿನ ಕಿತ್ತ ಹೊಲಕ್ಕೆ ಮರುವರ್ಷವೂ ಅರಿಶಿನವನ್ನೇ ಹಾಕಿದರೆ ಗಡ್ಡೆಗೆ ಕೊಳೆರೋಗ ತಗಲುತ್ತದೆಂದು ಅವನು ಬಲ್ಲ. ನೆಲಕ್ಕೆ ಕೊಡುವ ಬಿಡುವನ್ನು ನಾವು ದೇಹಕ್ಕೆ ಕೊಡುವುದಿಲ್ಲ.

ಮನಸ್ಸಿನ ಸ್ಥಿತಿಯೂ ಹೀಗೆಯೇ ಅಲ್ಲವೇ? ತಕ್ಕಡಿಯಲ್ಲಿ ಮೊದಲ ಬಾರಿ ಕಡಿಮೆ ತೂಗಿದಾಗ ಅಂತರಾತ್ಮ ಚುಚ್ಚುತ್ತದೆ; ನೂರನೆಯ ಬಾರಿ ಚುಚ್ಚುವುದಿಲ್ಲ. ನಾವು ಅದನ್ನು ನೆಮ್ಮದಿಯೆಂದು ತಿಳಿಯುತ್ತೇವೆ. ವಾಸ್ತವದಲ್ಲಿ ಅದು ಗಂಟು. ನೋವಾಗದ್ದೆಲ್ಲ ಒಳಿತಲ್ಲ, ನೋವಾಗುವುದೆಲ್ಲ ಕೆಡುಕೂ ಅಲ್ಲ.

"ಆಯುಸ್ಸು ಮುಗಿದರೆ ಯಾರಿಂದ ತಡೆಯಲಾದೀತು? ಇಷ್ಟೆಲ್ಲ ಲೆಕ್ಕಾಚಾರ ತವಕ್ಕುಲಿಗೆ ವಿರುದ್ಧವಲ್ಲವೇ?" ಎಂದು ಕೇಳುವವರಿದ್ದಾರೆ. ಆದರೆ ಕಾಡಂಚಿನ ಹಳ್ಳಿಯಲ್ಲಿ ಹೀಗೆ ಕೇಳುವವನೇ ರಾತ್ರಿಯಿಡೀ ಅಟ್ಟಣೆಯ ಮೇಲೆ ಕುಳಿತು ಆನೆಯಿಂದ ಫಸಲನ್ನು ಕಾಯುತ್ತಾನೆ. ಹೊಲವನ್ನು ವಿಧಿಗೆ ಬಿಡದವನು ದೇಹವನ್ನು ಮಾತ್ರ ಬಿಡುವುದೇಕೆ? ಒಂಟೆಯನ್ನು ಕಟ್ಟಿದ ಬಳಿಕವೇ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿ(ಸ) ಕಲಿಸಿದರು. ಚಿಕಿತ್ಸೆ ಪಡೆಯುವಂತೆಯೂ ಆದೇಶಿಸಿದರು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿಯುವ ಮೊದಲು, ಈ ಕಾಯಿಲೆ ತಗಲಿದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಹಿಂದೆ ಅದನ್ನು ಹಂದಿ ಮತ್ತು ದನಗಳ ಅಂಗದಿಂದ ತೆಗೆಯುತ್ತಿದ್ದರು. 1982ರಿಂದ ಸೂಕ್ಷ್ಮಜೀವಿಗಳ ಮೂಲಕ ತಯಾರಿಸಿದ ಮಾನವ ಇನ್ಸುಲಿನ್ ಬಳಕೆಗೆ ಬಂದಿದೆ. ಅನುಗ್ರಹವು ಕೈಗೆ ಬಂದಿರುವಾಗ ಅದನ್ನು ಅಸಡ್ಡೆಯಿಂದ ಬಳಸುವುದು ಕೃತಜ್ಞತೆಯಲ್ಲ.

ಹಾಗಾದರೆ ಕ್ರಮವೇನು? ಮೊದಲು ಕೈಯನ್ನು ಸೋಪಿನಿಂದ ತೊಳೆಯಬೇಕು. ಬಾಟಲಿಯ ಮೇಲಿನ ಹೆಸರನ್ನೂ ಅವಧಿಯನ್ನೂ ಓದಬೇಕು. ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್‌ನ ಬಾಟಲಿಯೂ ಇದೆ, 100 ಯೂನಿಟ್‌ನದೂ ಇದೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಔಷಧಿಯನ್ನು 40ರ ಸಿರಿಂಜಿನಲ್ಲಿ ಎಳೆದರೆ ಪ್ರಮಾಣ ಎರಡೂವರೆ ಪಟ್ಟಾಗಿ ಪ್ರಾಣಕ್ಕೇ ಅಪಾಯ. ಮಸುಕಾದ ಇನ್ಸುಲಿನ್ ಅನ್ನು ಕುಲುಕದೆ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು. ಬೇಕಾದಷ್ಟು ಗಾಳಿಯನ್ನು ಬಾಟಲಿಗೆ ತುಂಬಿ, ಅದನ್ನು ತಲೆಕೆಳಗೆ ಹಿಡಿದು ಅಷ್ಟೇ ಔಷಧಿಯನ್ನೆಳೆದು, ಗುಳ್ಳೆಗಳನ್ನು ಹೊರಹಾಕಬೇಕು. ಹೊಟ್ಟೆ, ತೊಡೆಯ ಹೊರಭಾಗ, ತೋಳಿನ ಹಿಂಬದಿ, ಪೃಷ್ಠ, ಇವು ಚುಚ್ಚುವ ಜಾಗಗಳು. ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ ವಾರಕ್ಕೊಂದು ಭಾಗವನ್ನು ಬಳಸಿರಿ. ಹೊಕ್ಕುಳಿನ ಸುತ್ತ ಎರಡು ಬೆರಳಷ್ಟು ಜಾಗ ಬಿಡಿರಿ. ಪ್ರತಿ ಬಾರಿಯೂ ಹಿಂದಿನ ಗುರುತಿನಿಂದ ಒಂದು ಬೆರಳಗಲ ದೂರ ಸರಿಯಿರಿ. ಗಂಟಿರುವವರು ಹೊಸ ಜಾಗಕ್ಕೆ ಹೋಗುವ ಮುನ್ನ ವೈದ್ಯರನ್ನು ಕೇಳಲೇಬೇಕು. ಆರೋಗ್ಯವಂತ ಚರ್ಮದಲ್ಲಿ ಔಷಧಿ ಚೆನ್ನಾಗಿ ಹಿಡಿಯುವುದರಿಂದ ಪ್ರಮಾಣ ಇಳಿಸಬೇಕಾಗಬಹುದು.

ರಮಝಾನಿನಲ್ಲಿ ಹಲವರು ಚುಚ್ಚುಮದ್ದನ್ನೇ ಬಿಡುತ್ತಾರೆ. ಇದು ತಿಳುವಳಿಕೆಯ ಕೊರತೆ. ಪೋಷಕ ದ್ರವವಲ್ಲದ ಚಿಕಿತ್ಸೆಯ ಚುಚ್ಚುಮದ್ದಿನಿಂದ ಉಪವಾಸ ಮುರಿಯುವುದಿಲ್ಲವೆಂದು ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 1997ರಲ್ಲಿ ಜಿದ್ದಾದಲ್ಲಿ ತೀರ್ಮಾನಿಸಿದೆ. ಸಕ್ಕರೆ ಎಪ್ಪತ್ತಕ್ಕಿಂತ ಕೆಳಗಿಳಿದರೆ ಕೂಡಲೇ ಉಪವಾಸ ಬಿಟ್ಟು ಸಿಹಿ ತೆಗೆದುಕೊಳ್ಳಬೇಕು. ರೋಗಿಗೆ ಅಲ್ಲಾಹನೇ ನೀಡಿದ ರಿಯಾಯಿತಿಯನ್ನು ಹಠದಿಂದ ನಿರಾಕರಿಸುವುದು ಭಕ್ತಿಯಲ್ಲ.

ಇನ್ನೊಂದು ಹಕ್ಕು ನಮ್ಮ ನೆನಪಿಗೇ ಬರುವುದಿಲ್ಲ. ಬಳಸಿದ ಸೂಜಿಯನ್ನು ಕಸದ ಚೀಲಕ್ಕೆ ಎಸೆದರೆ ಅದು ನಾಳೆ ಪೌರಕಾರ್ಮಿಕ ಸಹೋದರಿಯ ಕೈಗೆ ಚುಚ್ಚುತ್ತದೆ. ಅವಳಿಗೆ ನಾವಾರೆಂದು ತಿಳಿಯದು. ಆದರೆ ಅಲ್ಲಾಹನು ಬಲ್ಲನು. ಗಟ್ಟಿ ಪ್ಲಾಸ್ಟಿಕ್ ಡಬ್ಬದಲ್ಲಿ ಸೂಜಿಗಳನ್ನು ಕೂಡಿಟ್ಟು, ಆಸ್ಪತ್ರೆಯವರನ್ನು ಕೇಳಿ ಒಪ್ಪಿಸಿರಿ.

ಚುಚ್ಚಿಕೊಳ್ಳುವವನ ಹೊಟ್ಟೆಯನ್ನು ಯಾರೂ ನೋಡುವುದಿಲ್ಲ. ಕೋಣೆಯ ಬಾಗಿಲು ಮುಚ್ಚಿರುತ್ತದೆ. ಅಲ್ಲಿ ಸರಿಯಾಗಿ ನಡೆದುಕೊಳ್ಳುವುದು ಅವನ ಮತ್ತು ಅವನ ಪ್ರಭುವಿನ ನಡುವಿನ ವ್ಯವಹಾರ. ದೇಹ ನಮ್ಮ ಸ್ವತ್ತಲ್ಲ, ಅಮಾನತ್ತು. ಒಪ್ಪಿಸಿದವನು ಒಂದು ದಿನ ಕೇಳಿಯೇ ಕೇಳುವನು.

ಚಾಚಾ ಈಗ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ಮೊನ್ನೆ ಹೋದಾಗ "ಹೊಸ ಜಾಗದಲ್ಲಿ ನೋವಾಗ್ತದೆ ಬೇಟಾ" ಎಂದರು. ಆದರೂ ಬದಲಾಯಿಸುತ್ತಿದ್ದಾರೆ.

ಓದುಗರೇ, ನಿಮ್ಮ ಮನೆಯಲ್ಲೂ ಇಂತಹ ಹಿರಿಯರಿದ್ದರೆ ಇಂದು ಮಗ್ರಿಬ್ ನಮಾಝಿನ ಬಳಿಕ ಅವರ ಪಕ್ಕದಲ್ಲಿ ಕುಳಿತು ಕೇಳಿರಿ: ಎಲ್ಲಿ ಚುಚ್ಚಿಕೊಳ್ಳುತ್ತೀರಿ? ನಮ್ಮ ದೇಹದ ಗಂಟನ್ನೂ ಹೃದಯದ ಗಂಟನ್ನೂ ಗುರುತಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.