ದಾಸ್ಯದ ಋಣ

ಸತ್ತವನ ಸಾಲವನ್ನು ಯಾರು ತೀರಿಸತಕ್ಕದ್ದೆಂಬ ವಿಷಯವಾಗಿ ನಮ್ಮ ಧರ್ಮಶಾಸ್ತ್ರಕಾರರು ಬಹಳ ವಿಚಾರಮಾಡಿರುವರು. ಅವನ ಸೊತ್ತನ್ನು ಕೈಕೊಂಡವನೇ ಮೊದಲು ಸಾಲಕ್ಕೆ ಹೊಣೆಯೆಂದು ಯಾಜ್ಞವಲ್ಕ್ಯಸ್ಮೃತಿಯ ನಿರ್ಣಯ. ಅಮೆರಿಕಾ ದೇಶದಲ್ಲಿ ಇಂದಿಗೂ ಮುಗಿಯದಿರುವ ಒಂದು ವಾದಕ್ಕೆ ಈ ನಿರ್ಣಯವು ಚೆನ್ನಾಗಿ ಅನ್ವಯಿಸುತ್ತದೆ.

ಆಫ್ರಿಕದಿಂದ ಸೆರೆತಂದ ಜನರ ದಾಸ್ಯವು ಆ ದೇಶದಲ್ಲಿ 1865ರಲ್ಲಿ ರಾಜ್ಯಾಂಗದ ತಿದ್ದುಪಡಿಯಿಂದ ರದ್ದಾಯಿತು. ಸುಮಾರು 40 ಲಕ್ಷ ಮಂದಿ ದಾಸರಾಗಿದ್ದವರು. ಅವರ ತಲೆತಲಾಂತರದ ದುಡಿಮೆಯ ಬಾಬ್ತು ಸರ್ಕಾರವು ಏನನ್ನೂ ಕೊಡಲಿಲ್ಲ. ಆ ವರುಷದ ಜನವರಿಯಲ್ಲಿ ಸೇನಾಪತಿ ಷರ್ಮನ್ನನು ದಕ್ಷಿಣದ ಕರಾವಳಿಯ ಭೂಮಿಯನ್ನು ಕುಟುಂಬಕ್ಕೆ 40 ಎಕರೆಗಳವರೆಗೆ ಹಂಚಲು ಆಜ್ಞಾಪಿಸಿದ್ದುಂಟು. ವರುಷ ತುಂಬುವುದರೊಳಗೆ ಅಧ್ಯಕ್ಷ ಜಾನ್ಸನ್ನನು ಆ ಆಜ್ಞೆಯನ್ನು ತಿರುಗಿಸಿ, ಭೂಮಿಯು ಹಳೆಯ ಒಡೆಯರಿಗೇ ಸೇರುವಂತೆ ಮಾಡಿದನು. ಬಿಡುಗಡೆಹೊಂದಿದವರಲ್ಲಿ ಬಹುಮಂದಿ ಅದೇ ಒಡೆಯರ ಹೊಲಗಳಲ್ಲಿ ವಾರಕ್ಕೆ ಗೆಯ್ಯುವ ಒಕ್ಕಲುಗಳಾದರು. ಇದಕ್ಕಿಂತಲೂ ವಿಚಿತ್ರವಾದ ಸಂಗತಿಯೊಂದಿದೆ. 1862ರಲ್ಲಿ ರಾಜಧಾನಿಯಾದ ವಾಷಿಂಗ್‌ಟನ್ನಿನ ದಾಸರನ್ನು ಬಿಡಿಸಿದಾಗ ತಲೆಗೆ 300 ಡಾಲರುಗಳವರೆಗೆ ಪರಿಹಾರವು ಸಂದಿತು, ಸಂದದ್ದು ಒಡೆಯರಿಗೆ! ಕಳವಿನ ಮಾಲನ್ನು ಒಪ್ಪಿಸಿದ ಕಳ್ಳನಿಗೆ ಅದರ ಬೆಲೆಯನ್ನು ಎಣಿಸಿಕೊಟ್ಟಂತಾಯಿತು.

ದಾಸರೂ ಒಡೆಯರೂ ಸತ್ತು ಬಹುಕಾಲವಾಯಿತು, ಇಂದಿನವರ ಅಪರಾಧವೇನು ಎಂದು ಪೂರ್ವಪಕ್ಷ. ಅಪರಾಧವಿಲ್ಲವೆಂಬುದು ನಿಜವೇ. ಆದರೆ ಇಲ್ಲಿನ ವಿಚಾರವು ಸೊತ್ತಿನದು. ಭೂಮಿಯು ಮಗನಿಗೆ ಇಳಿಯುವಂತೆ ಭೂಮಿಯಿಲ್ಲದ ಸ್ಥಿತಿಯೂ ಮಗನಿಗೆ ಇಳಿಯುತ್ತದೆ. 1934ರಿಂದ ಸರ್ಕಾರವು ಮನೆಯ ಸಾಲಗಳಿಗೆ ಹೊಣೆನಿಂತಾಗಲೂ ಕಪ್ಪುಜನರ ಕೇರಿಗಳನ್ನು ಬಹುಮಟ್ಟಿಗೆ ಹೊರಗಿಟ್ಟಿತು. ಅಲ್ಲಿನ ಕೇಂದ್ರ ಬ್ಯಾಂಕಿನ 2022ರ ಗಣನೆಯಲ್ಲಿ ನಡುಮಟ್ಟದ ಬಿಳಿಯ ಕುಟುಂಬದ ಸೊತ್ತು ಸುಮಾರು 2,85,000 ಡಾಲರು. ಕಪ್ಪು ಕುಟುಂಬದ್ದು ಸುಮಾರು 45,000.

ಹಾಗಾದರೆ ನಿನ್ನೆಮೊನ್ನೆ ವಲಸೆಬಂದ ಬಡ ಬಿಳಿಯನೂ ತೆರಬೇಕೇ? ಈ ಶಂಕೆಯು ಸುಲಭವಾದುದಲ್ಲ. ವ್ಯಕ್ತಿವ್ಯಕ್ತಿಯ ಪಾಲನ್ನು ಎಣಿಸಹೊರಟರೆ ಲೆಕ್ಕವೇ ಕೂಡದು. ಆದರೆ ದಾಸ್ಯವನ್ನು ಕಾಪಾಡಿದ ಶಾಸನಗಳು ರಾಜ್ಯದವು. ರಾಜ್ಯವಾದರೋ ಒಡೆಯರೊಡನೆ ಸಾಯಲಿಲ್ಲ.

ರಾಜ್ಯದ ಋಣವೂ ಕಾಲಾಂತರದಲ್ಲಿ ಮಾಸಿಹೋಗುವುದೆನ್ನುವವರು ಇಂಗ್ಲೆಂಡಿನ ಲೆಕ್ಕವನ್ನು ನೋಡಬಹುದು. 1833ರ ಶಾಸನದಿಂದ ತನ್ನ ವಸಾಹತುಗಳ ದಾಸ್ಯವನ್ನು ತೆಗೆದಾಗ ಆ ಸರ್ಕಾರವು ಒಡೆಯರಿಗೆ 2 ಕೋಟಿ ಪೌಂಡುಗಳನ್ನು ಗೊತ್ತುಮಾಡಿ, ಅದಕ್ಕಾಗಿ ಸಾಲವೆತ್ತಿತು. ಆ ಸಾಲದ ಶೇಷವು ತೀರಿದ್ದು 2015ರಲ್ಲಿ. ಅಲ್ಲಿಯವರೆಗೆ ಅದಕ್ಕಾಗಿ ತೆರಿಗೆ ತೆತ್ತವರಲ್ಲಿ, ವೆಸ್ಟ್ ಇಂಡೀಸಿನಿಂದ ಬಂದು ನೆಲಸಿದ ದಾಸರ ಸಂತತಿಯವರೂ ಇದ್ದರು.